ದಾರಿ ಬದಿಯ ನಾಯಿ ಮನೆಗೆ ಬಂದಾಗ

ನಮ್ಮ ಹಿರಿಯೂರು ಸೀಮೆಯಲ್ಲಿ ನಾಯಿ ಇಲ್ಲದ ಹಟ್ಟಿ ಇಲ್ಲ. ಕುರಿರೊಪ್ಪ ಕಾಯಲು, ರಾತ್ರಿ ಕಣದಲ್ಲಿ ಶೇಂಗಾ ರಾಶಿ ಕಾಯಲು ಅದು ಬೇಕೇ ಬೇಕು. ಪಕ್ಕದ ಮನೆಯಲ್ಲಿ ಈದ ನಾಯಿಯ ಮರಿ ತಂದು ಸಾಕುತ್ತೇವೆ. ಅದು ಕುರಿಮರಿಗಳ ಜತೆಗೇ ಬೆಳೆಯುತ್ತೆ. ನಮ್ಮ ಮಾತು, ನಮ್ಮ ಮುದ್ದೆ, ನಮ್ಮ ಕೋಲು ಎಲ್ಲ ಅದಕ್ಕೆ ತಾನಾಗಿ ಗೊತ್ತಾಗುತ್ತೆ. ಅದಕ್ಕೆ ಪಾಠ ಬೇಕಿಲ್ಲ.

ನಾನು ಬರೆಯುತ್ತಿರುವುದು ಬೇರೆ ತರದ ನಾಯಿ ವಿಚಾರ. ಯಾರೋ ಸಾಕಿ ಬಿಟ್ಟುಹೋದದ್ದು, ಗಾಡಿ ತಾಗಿ ಬಿದ್ದದ್ದು, ಡಾಬಾ ಹಿಂದೆ ಎಂಜಲು ತಿಂದು ಬದುಕಿದ್ದು. ಇಂಥ ಬೆಳೆದ ನಾಯಿಯನ್ನು ಕನಿಕರದಿಂದ ಮನೆಗೆ ಕರೆತಂದರೆ ಏನೇನು ಎದುರಿಸಬೇಕಾಗುತ್ತೆ ಎಂಬುದು. ರಾಷ್ಟ್ರೀಯ ಹೆದ್ದಾರಿ 48 ನಮ್ಮ ಕಡೆಯೇ ಹಾದುಹೋಗುವುದರಿಂದ ಇಂಥವು ನಮಗೆ ಅಪರೂಪವಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಆದರೆ ಕಾಯ್ದೆ ಕಾರಿನ ಹಿಂದೆ ಓಡುವುದಿಲ್ಲ, ನಾಯಿ ಮಾತ್ರ ಓಡುತ್ತೆ.

ನಮ್ಮ ಮನೆಗೆ ಬಂದದ್ದು 2023ರ ಬೇಸಿಗೆಯಲ್ಲಿ. ಹೆಣ್ಣು, ಲ್ಯಾಬ್ರಡಾರ್ ಮಿಶ್ರ, ಎರಡು ಮೂರು ವರ್ಷದ್ದು. ಕೊರಳಲ್ಲಿ ಪಟ್ಟಿ ಇರಲಿಲ್ಲ, ಪಟ್ಟಿ ಇದ್ದ ಗುರುತಿತ್ತು. ಮಗ ಗೋಣಿಚೀಲದಲ್ಲಿ ಹೊತ್ತು ತಂದ. ಮೊಮ್ಮಗ ಅದಕ್ಕೆ ಕೆಂಪಿ ಅಂತ ಹೆಸರಿಟ್ಟ.

ಮೊದಲ ದಿನಗಳು

ಸೊರಗಿದ ನಾಯಿ ಕಂಡ ತಕ್ಷಣ ಹೆಂಗಸರು ದೊಡ್ಡ ಮುದ್ದೆ ತಿರುವಿ ಹಾಕಿಬಿಡುತ್ತಾರೆ. ಬಹಳ ದಿನ ಹಸಿದ ಹೊಟ್ಟೆಗೆ ಒಮ್ಮೆಲೇ ಹಾಗೆ ತುಂಬಬಾರದು. ವಾಂತಿ ಭೇದಿ ಆಗುತ್ತೆ, ಕೆಲವು ಸಲ ಜೀವಕ್ಕೇ ಬರುತ್ತೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ನಾವು ಮೆತ್ತಗೆ ಬೆಂದ ಅನ್ನಕ್ಕೆ ಬೇಯಿಸಿದ ಮೊಟ್ಟೆ ಕಿವುಚಿ ಕೊಟ್ಟೆವು. ವಾರದ ಮೇಲೆ ಮುದ್ದೆ. ಬರೀ ಮುದ್ದೆಯಿಂದ ನಾಯಿಗೆ ಮೈ ಬರುವುದಿಲ್ಲ, ಮೊಟ್ಟೆಯೋ ಬೇಯಿಸಿದ ಕೋಳಿ ಮಾಂಸವೋ ಸೇರಬೇಕು. ಬೇಯಿಸಿದ ಮೂಳೆ ಬೇಡ, ಸೀಳಿ ಗಂಟಲಿಗೋ ಕರುಳಿಗೋ ಚುಚ್ಚುತ್ತೆ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸುತ್ತವೆ, ಆದ್ದರಿಂದ ನಮ್ಮ ಸಾರು ಅದಕ್ಕಲ್ಲ.

ಇನ್ನೊಂದು ಮಾತು ಶೇಂಗಾ ಬೆಳೆಯುವವರಿಗೆ. ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಕಾಯಿಯನ್ನು ನಾಯಿ ಕೋಳಿಗಾದರೂ ಆಗಲಿ ಅಂತ ಎತ್ತಿಡುತ್ತೇವಲ್ಲ, ಆ ಬೂಸ್ಟಿನ ವಿಷ ನಾಯಿಯ ಪಿತ್ತಜನಕಾಂಗ ಸುಡುತ್ತೆ. ಊಟ ಬಿಟ್ಟು, ಕಣ್ಣು ಹಳದಿಯಾಗಿ ಸಾಯುತ್ತವೆ. ಕೋಳಿಗೂ ಅದು ವಿಷವೇ. ತಿಪ್ಪೆಗೆ ಹಾಕಬೇಡಿ, ಸುಟ್ಟುಬಿಡಿ.

ಬಂದ ಮೂರನೇ ದಿನ ಪಶು ಆಸ್ಪತ್ರೆಗೆ ಒಯ್ದೆವು. ಹುಚ್ಚುನಾಯಿ ರೋಗದ ಲಸಿಕೆ ಮೊದಲು. ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಲಸಿಕೆ ಹಾಕಿಸಿದ ದಿನವೇ ನಾಯಿ ಸುರಕ್ಷಿತ ಅಂದುಕೊಳ್ಳಬಾರದು. ಅದಕ್ಕೆ ಶಕ್ತಿ ಬರಲು ಮೂರು ನಾಲ್ಕು ವಾರ ಬೇಕು. ಅಲ್ಲದೆ ಬೀದಿಯಲ್ಲಿದ್ದಾಗಲೇ ಹುಚ್ಚುನಾಯಿ ಕಚ್ಚಿದ್ದರೆ, ರೋಗ ಕಾಣಿಸಲು ಸಾಮಾನ್ಯವಾಗಿ ಮೂರು ವಾರದಿಂದ ಮೂರು ತಿಂಗಳು ಹಿಡಿಯುತ್ತೆ, ಕೆಲವು ಸಲ ಇನ್ನೂ ಹೆಚ್ಚು. ಆಮೇಲೆ ಹಾಕಿಸಿದ ಲಸಿಕೆ ಅದನ್ನು ತಡೆಯುತ್ತೆ ಅಂತ ನಂಬಿ ಕೂರುವಂತಿಲ್ಲ. ಆದ್ದರಿಂದ ಮೊದಲ ಮೂರು ತಿಂಗಳು ಮಕ್ಕಳ ಜತೆ ಒಂಟಿಯಾಗಿ ಬಿಡಬೇಡಿ. ದನಿ ಬದಲಾದರೆ, ದವಡೆ ಜೋತುಬಿದ್ದರೆ, ಜೊಲ್ಲು ಸುರಿಸಿದರೆ, ಕಲ್ಲು ಕಡ್ಡಿ ಕಚ್ಚತೊಡಗಿದರೆ ಮುಟ್ಟದೆ ದೂರ ನಿಂತು ಡಾಕ್ಟರನ್ನು ಕರೆಸಿ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಿ ಪ್ರಾಣ ಕಳೆದುಕೊಂಡವರಿದ್ದಾರೆ.

ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಇವುಗಳಿಗೆ ಸೇರಿಸಿ ಕೊಡುವ ಲಸಿಕೆ ಬೇರೆ. ಅದನ್ನು ಮೂರು ನಾಲ್ಕು ವಾರ ಬಿಟ್ಟು ಎರಡು ಸಲ ಹಾಕಿಸಿದೆವು. ಮನೆಯಲ್ಲಿ ಹಳೆಯ ನಾಯಿ ಇದ್ದರೆ ಅದಕ್ಕೂ ಇದು ಬೇಕು. ಹೊಸತು ತಂದ ರೋಗ ಹಳೆಯದನ್ನು ಕೊಲ್ಲುವುದುಂಟು.

ಉಣ್ಣೆ ಬಿಡಿಸುವಾಗ ನಮ್ಮ ರೈತರು ಮಾಡುವ ಕೆಲಸ ಒಂದೇ. ಬೆಳೆಗೆ ಹೊಡೆಯುವ ಔಷಧಿ ನೀರಿಗೆ ಬೆರೆಸಿ ಮೈಮೇಲೆ ಸುರಿಯುವುದು. ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ. ಸಂಜೆಯೊಳಗೆ ನೊರೆ ಕಾರಿ ಬಿದ್ದಿರುತ್ತೆ. ನಾಯಿಗೆಂದೇ ಇರುವ ಔಷಧಿಯನ್ನು ಡಾಕ್ಟರು ಹೇಳಿದ ಪ್ರಮಾಣದಲ್ಲಿ ಹಚ್ಚಿ. ನಾಯಿ ಉಣ್ಣೆ ಮೊಟ್ಟೆ ಇಡುವುದು ನಾಯಿಯ ಮೈಮೇಲಲ್ಲ, ಕೆಳಗೆ ಬಿದ್ದು ಗೋಡೆ ಸಂದಿಯಲ್ಲಿ. ಒಂದೊಂದು ಸಾವಿರಾರು ಮೊಟ್ಟೆ ಇಡುತ್ತೆ. ನಾಯಿ ಮಲಗುವ ಕಡೆ ಗೋಡೆ ಬಿರುಕಿಗೆ ಮಣ್ಣು ಮೆತ್ತಿ ಸಾರಿಸದಿದ್ದರೆ ಔಷಧಿ ಖರ್ಚು ದಂಡ. ಉಣ್ಣೆ ಜ್ವರದಲ್ಲಿ ನಾಯಿ ಸಪ್ಪಗಾಗಿ ಮೂಗಿನಲ್ಲಿ ರಕ್ತ ಬರಬಹುದು, ಆಗ ತಡ ಮಾಡಬಾರದು.

ಕುರಿ ಇದ್ದವರು ಇದನ್ನು ಎರಡು ಸಲ ಓದಿ

ಕುರಿ ತಲೆ ಒಂದು ಕಡೆ ವಾಲಿಸಿಕೊಂಡು ಇದ್ದಲ್ಲೇ ಗಿರಗಿರ ಸುತ್ತುವುದು, ಗೋಡೆಗೆ ಹಣೆ ಒತ್ತಿ ನಿಲ್ಲುವುದು, ಮೇವು ಬಿಟ್ಟು ಸಾಯುವುದು ನೀವೆಲ್ಲ ನೋಡಿದ್ದೀರಿ. ನಮ್ಮಲ್ಲಿ ಇದನ್ನು ಗಾಳಿ ಸೋಕಿತು ಅಂತ ಹೇಳಿ ಹರಕೆ ಹೊತ್ತದ್ದೂ ಉಂಟು. ಇದರ ಒಂದು ಮುಖ್ಯ ಕಾರಣ ನಾಯಿಯ ಹೊಟ್ಟೆಯಲ್ಲಿರುವ ಲಾಡಿ ಹುಳ. ಹುಳದ ಮೊಟ್ಟೆ ನಾಯಿಯ ಹೇಲಿನಲ್ಲಿ ಹೊಲಕ್ಕೆ ಬೀಳುತ್ತೆ. ಹುಲ್ಲಿನ ಜತೆ ಕುರಿ ತಿನ್ನುತ್ತೆ. ಅದು ಕುರಿಯ ಮಿದುಳಿಗೆ ಹೋಗಿ ನೀರುಗುಳ್ಳೆಯಾಗಿ ಬೆಳೆಯುತ್ತೆ. ಕುರಿ ಸತ್ತ ಮೇಲೆ ತಲೆಯನ್ನು ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಮತ್ತೆ ಹುಳ. ಹೀಗೆ ಚಕ್ರ ತಿರುಗಿಸುತ್ತಿರುವುದು ನಮ್ಮ ಕೈಯೇ.

ಇನ್ನೊಂದು ಲಾಡಿ ಹುಳ ಅಕ್ಕಿಕಾಳಿಗಿಂತ ಸಣ್ಣದು, ಕಣ್ಣಿಗೆ ಬೀಳುವುದೇ ಕಷ್ಟ. ಅದರ ನೀರುಗುಳ್ಳೆ ಕುರಿಯ ಶ್ವಾಸಕೋಶ, ಪಿತ್ತಜನಕಾಂಗದಲ್ಲಿ ಇರುತ್ತೆ. ಇದು ಮನುಷ್ಯರಿಗೂ ಬರುತ್ತೆ. ನಾಯಿ ಸವರಿದ ಕೈಯಲ್ಲೇ ಉಂಡರೆ ಮೊಟ್ಟೆ ನಮ್ಮ ಹೊಟ್ಟೆಗೆ ಹೋಗಿ, ವರ್ಷಗಟ್ಟಲೆ ಆದಮೇಲೆ ಗಡ್ಡೆಯಾಗಿ ಆಪರೇಷನ್‌ವರೆಗೂ ಹೋಗಬಹುದು.

ಮನೆಯ ನಾಯಿ ಏನು ತಿಂದಿದೆ ಅನ್ನುವುದು ನಮಗೆ ಗೊತ್ತು. ದಾರಿಯಿಂದ ಬಂದ ನಾಯಿ ಯಾವ ಕಸಾಯಿ ಅಂಗಡಿ ಮುಂದೆ ಏನು ತಿಂದಿತ್ತೋ ಯಾರಿಗೆ ಗೊತ್ತು? ಆದ್ದರಿಂದ ಅದು ಕುರಿ ಮೇಯುವ ಹೊಲಕ್ಕೆ ಕಾಲಿಡುವ ಮೊದಲು ಪ್ರಾಜಿಕ್ವಾಂಟೆಲ್ ಇರುವ ಜಂತುಹುಳದ ಮಾತ್ರೆ ಬೀಳಬೇಕು. ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಕುರಿಗೆ ಕುಡಿಸಿ ಮಿಕ್ಕಿದ ಔಷಧಿ ಕುಡಿಸಿದರೆ ಈ ಹುಳಗಳಿಗೆ ಸಾಲದು. ಮಾತ್ರೆ ಕೊಟ್ಟ ಮೇಲೆ ಎರಡು ದಿನ ಕಟ್ಟಿಹಾಕಿ, ಆಗ ಹಾಕಿದ ಹೇಲನ್ನು ಆಳವಾಗಿ ಹೂಳಿ ಇಲ್ಲವೇ ಸುಡಿ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅನ್ನುತ್ತಾರೆ. ಆದರೆ ಹುಳ ಬಲಿತು ಮೊಟ್ಟೆ ಹಾಕಲು ಒಂದೂವರೆ ತಿಂಗಳು ಸಾಕು. ಸತ್ತ ಕುರಿ ನಾಯಿ ಬಾಯಿಗೆ ಸಿಗುವಂಥ ಕಡೆ ಒಂದೂವರೆ ತಿಂಗಳಿಗೇ ಹಾಕಿಸುವುದು ಲೇಸು. ಸತ್ತ ಕುರಿಯನ್ನು ನಾಲ್ಕೈದು ಅಡಿ ಗುಂಡಿ ತೋಡಿ ಹೂಳಿ, ಮೇಲೆ ಜಾಲಿ ಮುಳ್ಳು, ಕಲ್ಲು ಹೇರಬೇಕು. ಹಬ್ಬದಲ್ಲಿ ಕೊಯ್ದಾಗ ತಲೆ, ಗುಳ್ಳೆ ಇರುವ ಕಾಳಿಜ ಹಸಿಯಾಗಿ ನಾಯಿಗೆ ಎಸೆಯಬಾರದು. ಇದನ್ನು ನಮ್ಮ ಹಟ್ಟಿಯಲ್ಲಿ ಹೇಳಿ ಹೇಳಿ ಬಾಯಿ ನೋಯ್ತು. ಅರ್ಧ ಮನೆಯವರು ಕೇಳಿದ್ದಾರೆ.

ಮನೆಯವರ ಒಪ್ಪಿಗೆ

ರೋಗಕ್ಕೆ ಔಷಧಿ ಸಿಗುತ್ತೆ. ಮನೆಯೊಳಗಿನ ಜಗಳಕ್ಕೆ ಆಸ್ಪತ್ರೆ ಇಲ್ಲ.

ನಮ್ಮವ್ವನಿಗೆ ನಾಯಿ ಹೊಸ್ತಿಲು ದಾಟಬಾರದು. ಕೆಂಪಿಗೆ ಒಳಗೆ ಮಲಗಿ ರೂಢಿ. ರಾತ್ರಿ ಬಾಗಿಲು ಹಾಕಿದರೆ ಗೀರಿ ಗೀರಿ ಊಳಿಡುವುದು. ಎಂಟು ದಿನ ಯಾರಿಗೂ ನಿದ್ದೆ ಇಲ್ಲ. ಬೈದರೆ ಇನ್ನೂ ಹೆಚ್ಚಾಯಿತು. ಕೊನೆಗೆ ಮಗ ಜಗಲಿ ಮೇಲೆ ಅದರ ಪಕ್ಕ ಚಾಪೆ ಹಾಕಿ ಮಲಗಿದ. ಮೂರ್ನಾಲ್ಕು ದಿನಕ್ಕೊಮ್ಮೆ ಚಾಪೆಯನ್ನು ಮಾರು ದೂರ ಸರಿಸುತ್ತ ಬಂದ. ತಿಂಗಳ ಹೊತ್ತಿಗೆ ಜಗಲಿ ಅದರದ್ದಾಯಿತು, ಹೊಸ್ತಿಲು ಅವ್ವನದ್ದಾಗಿ ಉಳಿಯಿತು.

ಕೋಲು ಕಂಡರೆ ನೆಲಕ್ಕೆ ಅಂಟಿ ಉಚ್ಚೆ ಹೊಯ್ಯುತ್ತಿತ್ತು. ಕುರಿ ಕಾಯುವವನ ಮನೆಯಲ್ಲಿ ಕೋಲಿಲ್ಲದ ಕೈ ಯಾವುದು? ಬಡಿಸಿಕೊಂಡು ಬಂದ ನಾಯಿಯನ್ನು ಹೆದರಿಸಿ ಪಳಗಿಸಲಾಗುವುದಿಲ್ಲ. ಹೆದರಿದ ನಾಯಿಯೇ ಕಚ್ಚುವುದು. ನಾನು ಕೋಲನ್ನು ನೆಲದಲ್ಲಿಟ್ಟು ಅದರ ಪಕ್ಕ ಮೊಟ್ಟೆ ಚೂರು ಹಾಕತೊಡಗಿದೆ. ಕೋಲು ಕೈಗೆ ಎತ್ತಿಕೊಳ್ಳುವಷ್ಟಾಗಲು ಎರಡು ತಿಂಗಳು ಹಿಡಿಯಿತು.

ಬಂದ ಐದನೇ ವಾರ ಅದು ಮೊಮ್ಮಗನ ಕೈಗೆ ಬಾಯಿ ಹಾಕಿತು. ಉಣ್ಣುತ್ತಿತ್ತು, ಹುಡುಗ ತಟ್ಟೆ ಪಕ್ಕ ಬಿದ್ದ ಗೋಲಿ ಎತ್ತಿಕೊಳ್ಳಲು ಬಗ್ಗಿದ. ಹಲ್ಲು ಗೀರಿ ಎರಡು ಕಡೆ ರಕ್ತ ಬಂತು. ನನ್ನ ಸೊಸೆ ಅಳುತ್ತಲೇ ನಲ್ಲಿ ಕೆಳಗೆ ಕೈ ಹಿಡಿಸಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದಳು. ಮುಖ್ಯ ಔಷಧಿ ಅದೇ. ಸುಣ್ಣ, ಅರಿಶಿನ, ಖಾರದ ಪುಡಿ ಏನೂ ಬೇಡ, ಕಟ್ಟು ಕಟ್ಟಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ರಕ್ತ ಬಂದ ಗಾಯವಾದ್ದರಿಂದ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು, ಚರ್ಮಕ್ಕೆ ಕೊಡುವ ಲಸಿಕೆಯನ್ನು ಅಂದು, 3, 7, 28ನೇ ದಿನಕ್ಕೆ ಹಾಕಿದರು. ಲಸಿಕೆ ಅಲ್ಲಿ ಉಚಿತ. ನಾಯಿಗೆ ಲಸಿಕೆ ಆಗಿದೆ ಅಂತ ಮನುಷ್ಯರ ಲಸಿಕೆ ತಪ್ಪಿಸಬಾರದು. ಕಚ್ಚಿದ ನಾಯಿಯನ್ನು ಓಡಿಸಲೂ ಬಾರದು, ಕಟ್ಟಿಹಾಕಿ ಹತ್ತು ದಿನ ನೋಡಬೇಕು. ಹತ್ತು ದಿನ ಕಳೆದೂ ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದೇ ಅರ್ಥ.

ಆ ಹತ್ತು ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. “ಮಗೀಗಿಂತ ನಾಯಿ ಹೆಚ್ಚೇನಪ್ಪ ನಿನಗೆ? ಎಲ್ಲಿಂದ ತಂದ್ರೋ ಅಲ್ಲೇ ಬಿಟ್ಟು ಬಾ,” ಅಂದಳು ಅವ್ವ. ಸೊಸೆ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟ. ಹನ್ನೊಂದನೇ ದಿನ ಎಲ್ಲರೂ ಕೂತೆವು. ನಾನು ಅಂದದ್ದು ಇಷ್ಟು: “ಬಿಟ್ಟು ಬಂದರೆ ಇನ್ನೊಬ್ಬರ ಹಟ್ಟಿ ಹುಡುಗನ್ನ ಕಚ್ಚತೈತೆ. ಇಟ್ಕೊಂಡರೆ ನಮ್ಮ ಕಣ್ಣ ಮುಂದೆ ಇರ್ತೈತೆ. ಆದರೆ ಸೊಸೆ ಬೇಡ ಅಂದರೆ ಇಡಲ್ಲ.” ಅವಳು ಕೇಳಿದ್ದು ಒಂದೇ, “ಮಾವ, ಊಟ ಹಾಕೋದು ಯಾರು, ಎಲ್ಲಿ?” ಅಲ್ಲಿಗೆ ದಾರಿ ತಾನೇ ತೆರೆಯಿತು. ಹಿತ್ತಿಲಿನ ಮೂಲೆಯಲ್ಲಿ ತಡಿಕೆ ಕಟ್ಟಿ, ತಡಿಕೆಯೊಳಗೆ ಮಾತ್ರ ಊಟ, ಹಾಕುವುದು ಮಗ ಮಾತ್ರ, ಅದು ಉಂಡು ತಟ್ಟೆ ತೆಗೆಯುವ ತನಕ ಹುಡುಗ ಆ ಕಡೆ ಸುಳಿಯುವಂತಿಲ್ಲ. ಹುಡುಗನಿಗೂ ಕಲಿಸಿದೆವು: ನಾಯಿ ಮೈ ಬಿಗಿದು ಕದಲದೆ ನಿಂತರೆ, ಕಣ್ಣಿನ ಬಿಳಿ ಕಾಣಿಸಿದರೆ, ತುಟಿ ನೆಕ್ಕುತ್ತ ಮುಖ ತಿರುಗಿಸಿದರೆ ದೂರ ಬಾ ಅಂತ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ನಾಯಿ ಸಂತೋಷವಾಗಿದೆ ಅನ್ನುವಂತಿಲ್ಲ.

ಮನೆಯಲ್ಲಿ ಒಬ್ಬರಿಗೆ ನಿಜವಾಗಿ ಬೇಡವಾಗಿದ್ದರೆ ನಾಯಿ ತರಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಾವು ಹೊಲಕ್ಕೆ ಹೋದಮೇಲೆ ಹಗಲೆಲ್ಲ ಅದರ ಜತೆ ಇರಬೇಕಾದವರು ಮನೆಯ ಹೆಂಗಸರು, ತಂದವರಲ್ಲ.

ಕುರಿಗೂ ನಾಯಿಗೂ ಪರಿಚಯ

ಕೆಂಪಿ ಕುರಿ ಕಂಡದ್ದೇ ಬೆನ್ನು ಹತ್ತಿತು. ಕಚ್ಚಲಿಕ್ಕಲ್ಲ, ಆಟಕ್ಕೆ. ಗಬ್ಬದ ಕುರಿಗೆ ಆಟವೇನು ಬೇಟೆಯೇನು, ಓಡಿದರೆ ಕಂದು ಹಾಕುತ್ತೆ. ಹಗ್ಗ ಬಿಚ್ಚದೆ ಐವತ್ತು ಮಾರು ದೂರದಲ್ಲಿ ಕೂರಿಸಿ, ಹಿಂಡು ಹೋಗುವಾಗ ಸುಮ್ಮನಿದ್ದರೆ ತಿನ್ನಲು ಕೊಟ್ಟೆ. ಎಗರಿದರೆ ಹೊಡೆಯದೆ ಹಿಂದಕ್ಕೆ ನಡೆಸಿಕೊಂಡು ಹೋದೆ. ಕುರಿ ಕಂಡಾಗ ಏಟು ಬಿದ್ದರೆ ಕುರಿಯಿಂದಲೇ ಏಟು ಬಿತ್ತು ಅಂತ ನಾಯಿ ಲೆಕ್ಕ ಹಾಕುತ್ತೆ. ವಾರವಾರ ಹತ್ತಿರ ತಂದೆ. ಆರು ತಿಂಗಳು ಬೇಕಾಯಿತು. ನಮ್ಮ ಹಳೆ ನಾಯಿ ಕರಿಯನ ಜತೆ ಮಾತ್ರ ಬೇಗ ಹೊಂದಿತು. ಎರಡನ್ನೂ ಮನೆಯಲ್ಲಿ ಎದುರುಬದುರು ಬಿಡದೆ, ಊರಾಚೆ ಬಯಲಲ್ಲಿ ದೂರ ದೂರ ಹಿಡಿದು ಒಂದೇ ದಿಕ್ಕಿಗೆ ನಡೆಸಿದ್ದರಿಂದ ಕಾದಾಟ ಆಗಲಿಲ್ಲ.

ದಪ್ಪ ಕೂದಲಿನ ಪೇಟೆ ನಾಯಿಗೆ ನಮ್ಮ ಏಪ್ರಿಲ್ ಬಿಸಿಲು ಶಿಕ್ಷೆ. ನೆರಳು, ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಸದಾ ಇರಲಿ. ತಗಡಿನ ಕೆಳಗೆ ಸರಪಣಿ ಹಾಕಿ ಕಟ್ಟಬೇಡಿ.

ಲಸಿಕೆ, ಮಾತ್ರೆ, ಉಣ್ಣೆ ಔಷಧಿ, ಓಡಾಟ ಸೇರಿ ಮೊದಲ ಎರಡು ತಿಂಗಳಲ್ಲಿ ನಮಗೆ ನಾಲ್ಕು ಸಾವಿರದಷ್ಟು ಹೋಯಿತು. ಒಂದು ಒಳ್ಳೆ ಕುರಿಮರಿಯ ಅರ್ಧ ಬೆಲೆ. ಮಳೆ ಕೈಕೊಟ್ಟ ವರ್ಷ ಅದು ಸಣ್ಣ ದುಡ್ಡಲ್ಲ. ಹೆಣ್ಣು ನಾಯಿಯಾದರೆ ಸಂತಾನಹರಣ ಚಿಕಿತ್ಸೆಯ ಖರ್ಚನ್ನೂ ಸೇರಿಸಿಕೊಳ್ಳಿ. ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತೆ, ಗಬ್ಬವಾಗಿ 63 ದಿನದ ಸುಮಾರಿಗೆ ಈಯುತ್ತೆ, ಐದಾರು ಮರಿ. ಆ ಮರಿಗಳನ್ನು ಯಾರು ಒಯ್ಯುತ್ತಾರೆ? ಮತ್ತೆ ಹೆದ್ದಾರಿಯೇ. ನಾವು ಅದೇ ವರ್ಷ ದೀಪಾವಳಿ ಕಳೆದ ಮೇಲೆ ಮಾಡಿಸಿದೆವು. ಗಾಯ ಮಾಯುವ ಹತ್ತು ದಿನ ಹೊಲಿಗೆ ನೆಕ್ಕದಂತೆ ಹಳೆ ಪ್ಲಾಸ್ಟಿಕ್ ಬಕೆಟ್ಟಿನ ತಳ ಕೊಯ್ದು, ಅಂಚಿಗೆ ಬಟ್ಟೆ ಸುತ್ತಿ ಕೊರಳಿಗೆ ಹಾಕಿದ್ದೆವು.

ಈಗ ಕೆಂಪಿ ಹಗಲು ಹಿಂಡಿನ ಹಿಂದೆ ಹೋಗುತ್ತೆ, ರಾತ್ರಿ ರೊಪ್ಪದ ಬಾಗಿಲಲ್ಲಿ ಮಲಗುತ್ತೆ. ಕುರಿ ಈಯುವ ದಿನಗಳಲ್ಲಿ ಮಾತ್ರ ಅದನ್ನು ಈಗಲೂ ಹಿತ್ತಿಲಿಗೆ ಕಟ್ಟುತ್ತೇನೆ. ಊಟದ ತಡಿಕೆಯನ್ನೂ ತೆಗೆದಿಲ್ಲ, ಪ್ರತಿ ಮಳೆಗಾಲ ಮುಗಿದ ಮೇಲೆ ಹೊಸ ಕಡ್ಡಿ ಹಾಕಿ ಬಿಗಿಯುತ್ತೇವೆ.