ಗ್ರಾಹಕನ ಸಾವು ಮತ್ತು ಕುಟುಂಬದ ಪರಿಹಾರದ ಹಕ್ಕು: ಹೋಟೆಲ್ ಮಾಲೀಕರು ತಿಳಿದಿರಬೇಕಾದ ಕಾನೂನು



ನಮ್ಮ ಉದ್ಯಮದಲ್ಲಿ ಯಾರೂ ಬಾಯಿಬಿಟ್ಟು ಮಾತನಾಡಲು ಇಷ್ಟಪಡದ ವಿಷಯವೊಂದನ್ನು ಈ ಬಾರಿಯ ಪಾಠಕ್ಕೆ ಆರಿಸಿಕೊಂಡಿದ್ದೇವೆ. ನಮ್ಮ ಹೋಟೆಲಿಗೆ ಬಂದ ಗ್ರಾಹಕರೊಬ್ಬರು ನಮ್ಮ ತಪ್ಪಿನಿಂದ ಪ್ರಾಣ ಕಳೆದುಕೊಂಡರೆ ಅವರ ಮನೆಯವರು ಎಲ್ಲಿ, ಹೇಗೆ, ಎಷ್ಟು ಪರಿಹಾರ ಕೇಳಬಹುದು? ಮಾಲೀಕರಾದ ನಾವು ಆಗ ಏನು ಮಾಡತಕ್ಕದ್ದು? ಅಪಶಕುನದ ಮಾತೆಂದು ಪುಟ ಮಗುಚಬೇಡಿ. ತಿಳಿದುಕೊಂಡವರು ಮೊದಲೇ ಎಚ್ಚರ ವಹಿಸುತ್ತಾರೆ. ಎಚ್ಚರ ವಹಿಸಿದಲ್ಲಿ ಇಂತಹ ದಿನ ಬರುವ ಸಂಭವವೇ ಕಡಿಮೆ.

ಕೋವಳಂ ಪ್ರಕರಣ ಕಲಿಸುವ ಪಾಠ

ತಿರುವನಂತಪುರದ ಬಳಿಯ ಕೋವಳಂನಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಹೋಟೆಲ್ ಸಮುದ್ರ’ ಇದೆ. 2006ರಲ್ಲಿ ಕುಟುಂಬದೊಂದಿಗೆ ಪ್ರವಾಸ ಬಂದು ಅಲ್ಲಿ ತಂಗಿದ್ದ ಅತಿಥಿಯೊಬ್ಬರು ಹೋಟೆಲಿನ ಈಜುಕೊಳದಲ್ಲಿ ಮುಳುಗಿ ತೀರಿಕೊಂಡರು. ಮೃತರ ಪತ್ನಿ ಮತ್ತು ಮನೆಯವರು ರಾಷ್ಟ್ರೀಯ ಗ್ರಾಹಕರ ಆಯೋಗದಲ್ಲಿ ದೂರು ಹೂಡಿದರು. ವಿಚಾರಣೆಯಲ್ಲಿ ಹೊರಬಿದ್ದ ಒಂದು ಸಂಗತಿಯನ್ನು ಎಲ್ಲ ಹೋಟೆಲಿನವರೂ ನೆನಪಿಡಬೇಕು. ಕೊಳದ ಬಳಿ ಕಾವಲಿಗೆಂದು ನೇಮಿಸಿದ್ದ ಲೈಫ್‌ಗಾರ್ಡ್‌ಗೆ ಬಾರಿನಲ್ಲಿ ಮದ್ಯ ಸರಬರಾಜು ಮಾಡುವ ಕೆಲಸವನ್ನೂ ವಹಿಸಲಾಗಿತ್ತು.

ಆಯೋಗವು 62.50 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ನಿಗಮವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2019ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿಗಳಾದ ಡಿ. ವೈ. ಚಂದ್ರಚೂಡ್ ಮತ್ತು ಹೇಮಂತ್ ಗುಪ್ತಾ ಅವರ ಪೀಠ ಆಯೋಗದ ಆದೇಶವನ್ನು ಎತ್ತಿಹಿಡಿಯಿತು. ಅತಿಥಿಗಳಿಗೆ ಈಜುಕೊಳದ ಸೌಲಭ್ಯ ಕೊಟ್ಟ ಮೇಲೆ ಅದನ್ನು ಸುರಕ್ಷಿತವಾಗಿ ಇಡುವ ಹೊಣೆ ಹೋಟೆಲಿನದು. ಲೈಫ್‌ಗಾರ್ಡ್‌ಗೆ ಬೇರೆ ಕೆಲಸ ಹಚ್ಚಿದ್ದು ಆ ಹೊಣೆಯಲ್ಲಿ ಆದ ಲೋಪ ಎಂಬುದು ತೀರ್ಪಿನ ಸಾರ.

ಸಾವು ನಡೆದದ್ದು 2006ರಲ್ಲಿ, ಕೊನೆಯ ತೀರ್ಪು ಬಂದದ್ದು 2019ರಲ್ಲಿ. ಹದಿಮೂರು ವರ್ಷ ಆ ಕುಟುಂಬ ಅಲೆಯಿತು, ಹೋಟೆಲೂ ಕೋರ್ಟು ಕಚೇರಿ ಸುತ್ತಿತು. ಒಬ್ಬನ ಸಂಬಳ ಉಳಿಸಲು ಇಬ್ಬರ ಕೆಲಸವನ್ನು ಒಬ್ಬನಿಂದ ಮಾಡಿಸಿದ್ದರ ಫಲ ಇದು. ನಮ್ಮಲ್ಲಿ ಹೆಚ್ಚಿನವರಿಗೆ ಈಜುಕೊಳವಿಲ್ಲ, ನಿಜ. ಆದರೆ ಕ್ಲೀನರ್ ಹುಡುಗನನ್ನು ಅದೇ ಬಟ್ಟೆಯಲ್ಲಿ ಚಟ್ನಿ ರುಬ್ಬಲು ನಿಲ್ಲಿಸುವುದು, ಗ್ಯಾಸ್ ನೋಡಬೇಕಾದವನನ್ನು ಕ್ಯಾಷ್ ಕೌಂಟರಿಗೆ ಕಳಿಸುವುದು ನಮ್ಮಲ್ಲಿ ಇಲ್ಲವೇ? ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಊಟದಿಂದ ಆದ ಸಾವುಗಳು

2012ರ ಜುಲೈನಲ್ಲಿ ತಿರುವನಂತಪುರದ ವಳುದಕ್ಕಾಡಿನ ಹೋಟೆಲೊಂದರಿಂದ ಷವರ್ಮಾ ಕೊಂಡು ತಿಂದು ಬೆಂಗಳೂರಿಗೆ ಹೊರಟ ಯುವಕನೊಬ್ಬ ಬೆಂಗಳೂರಿನಲ್ಲಿ ಶವವಾಗಿ ಪತ್ತೆಯಾದ. ಆ ಬಳಿಕ ಕೇರಳದಾದ್ಯಂತ ಹೋಟೆಲುಗಳ ತಪಾಸಣೆ ನಡೆಯಿತು. 2022ರ ಮೇ 1ರಂದು ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ಶಾಲಾ ವಿದ್ಯಾರ್ಥಿನಿ ತೀರಿಕೊಂಡಳು, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಎಂಬ ರೋಗಾಣು ಪತ್ತೆಯಾಯಿತು. ಆ ಬಾಲಕಿಯ ತಾಯಿ ಪರಿಹಾರ ಕೋರಿ ಕೇರಳ ಹೈಕೋರ್ಟಿಗೆ ಹೋದರು. 2023ರ ಅಕ್ಟೋಬರ್‌ನಲ್ಲಿ ಕೊಚ್ಚಿಯ ಕಾಕ್ಕನಾಡಿನಲ್ಲಿ ಕೆಲಸದಲ್ಲಿದ್ದ ಯುವಕನೊಬ್ಬ ಷವರ್ಮಾ ತಿಂದು ಅಸ್ವಸ್ಥನಾಗಿ ತೀರಿಕೊಂಡ ಸುದ್ದಿ ಬಂತು. ಆ ವರ್ಷವೇ, ತಾಯಿಯ ಅರ್ಜಿಯ ವಿಚಾರಣೆಯಲ್ಲಿ ಹೈಕೋರ್ಟು ಆಹಾರದ ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ ಮತ್ತು ಸಮಯ ಇರಬೇಕೆಂದು ಒತ್ತಿ ಹೇಳಿತು.

“ನಮ್ಮದು ಶುದ್ಧ ಸಸ್ಯಾಹಾರಿ, ಷವರ್ಮಾದ ಗೊಡವೆ ನಮಗೇಕೆ?” ಎನ್ನುವವರಿದ್ದಾರೆ. ಅನ್ನವನ್ನು ಬೇಯಿಸಿ ಗಂಟೆಗಟ್ಟಲೆ ಹೊರಗಿಟ್ಟರೆ ಅದರಲ್ಲಿ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ತೆಂಗಿನಕಾಯಿ ಚಟ್ನಿ, ಪನ್ನೀರು, ಖೋವಾದ ಸಿಹಿ, ಬಾವಿಯ ನೀರು, ಇವು ಯಾವುವೂ ಅಪಾಯಕ್ಕೆ ಹೊರತಲ್ಲ. ಕೊಚ್ಚಿಯ ಸೆಕೆಯಲ್ಲಿ ಬೆಳಗಿನ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಏನಾಗುತ್ತದೆ ಎಂಬುದು ನಮ್ಮ ಭಟ್ಟರಿಗೆ ಪುಸ್ತಕ ನೋಡದೆಯೇ ಗೊತ್ತು.

ಕುಟುಂಬದವರ ಮುಂದಿರುವ ದಾರಿಗಳು

1. ಆಹಾರ ಸುರಕ್ಷತಾ ಕಾಯ್ದೆ, 2006: ಇದರ 65ನೇ ಸೆಕ್ಷನ್ ಪ್ರಕಾರ ಆಹಾರದಿಂದ ಗ್ರಾಹಕ ಸತ್ತರೆ ಅವನ ವಾರಸುದಾರರಿಗೆ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಬಹುದು. ಇದು ಕನಿಷ್ಠ ಮೊತ್ತವೆಂಬುದನ್ನು ಗಮನಿಸಿ, ಗರಿಷ್ಠವಲ್ಲ. ತೀವ್ರ ಗಾಯಕ್ಕೆ 3 ಲಕ್ಷದವರೆಗೆ, ಇತರ ತೊಂದರೆಗೆ 1 ಲಕ್ಷದವರೆಗೆ. ಘಟನೆಯಿಂದ ಆರು ತಿಂಗಳೊಳಗೆ ಪರಿಹಾರ ಸಲ್ಲಬೇಕು. ಸಾವಿನ ಪ್ರಕರಣದಲ್ಲಿ ಮೂವತ್ತು ದಿನಗಳೊಳಗೆ ಮಧ್ಯಂತರ ಪರಿಹಾರ ಸಲ್ಲಬೇಕು. ಲೈಸೆನ್ಸ್ ರದ್ದು ಮಾಡುವ, ತಪ್ಪಿತಸ್ಥರ ಹೆಸರನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಅಧಿಕಾರವೂ ಇದೆ.

2. ಗ್ರಾಹಕರ ಸಂರಕ್ಷಣಾ ಕಾಯ್ದೆ, 2019: 2020ರ ಜುಲೈ 20ರಿಂದ ಜಾರಿಯಲ್ಲಿದೆ. ಗ್ರಾಹಕ ಸತ್ತರೆ ಅವನ ವಾರಸುದಾರ ದೂರು ಕೊಡಬಹುದು. ಅವಧಿ ಎರಡು ವರ್ಷ. ಇಲ್ಲಿ ಮೂರು ಸಂಗತಿ ಮುಖ್ಯ. ಮೊದಲನೆಯದು, ದೂರು ಯಾವ ಆಯೋಗಕ್ಕೆ ಹೋಗಬೇಕೆಂಬುದು ಈಗ ಗ್ರಾಹಕ ಕೊಟ್ಟ ಬೆಲೆಯ ಮೇಲೆ ನಿಂತಿದೆಯೇ ಹೊರತು ಕೇಳುವ ಪರಿಹಾರದ ಮೇಲಲ್ಲ. ಆದ್ದರಿಂದ 150 ರೂಪಾಯಿ ಊಟಕ್ಕೆ ಸಂಬಂಧಿಸಿ ಅರ್ಧ ಕೋಟಿ ಕೇಳಿದರೂ ದೂರು ಜಿಲ್ಲಾ ಆಯೋಗದಲ್ಲೇ ನಡೆಯುತ್ತದೆ, ದೂರುದಾರರಿಗೆ ಶುಲ್ಕವೂ ಇಲ್ಲ. ಎರಡನೆಯದು, ದೂರುದಾರರು ತಾವು ವಾಸಿಸುವ ಊರಿನಲ್ಲೇ ದೂರು ಹೂಡಬಹುದು. ಎರ್ನಾಕುಲಂನಲ್ಲಿ ಉಂಡವರ ಮನೆಯವರು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ದೂರು ಕೊಟ್ಟರೆ ನಾವು ಅಲ್ಲಿಗೆ ಓಡಾಡಬೇಕು. ಮೂರನೆಯದು ಕ್ಯಾಟರಿಂಗ್ ಬಾಂಧವರಿಗೆ: ಹಣ ಕೊಟ್ಟವನ ಒಪ್ಪಿಗೆಯಿಂದ ಸೇವೆ ಪಡೆದವನೂ ಗ್ರಾಹಕನೇ. ಮದುವೆಯೂಟದ ಬಿಲ್ ಕೊಟ್ಟದ್ದು ಹೆಣ್ಣಿನ ತಂದೆಯಾದರೂ ಪಂಕ್ತಿಯಲ್ಲಿ ಕೂತು ಉಂಡವರ ವಿಷಯದಲ್ಲೂ ನಾವು ಹೊಣೆಗಾರರಾಗುತ್ತೇವೆ.

3. ಸಿವಿಲ್ ದಾವೆ: 1855ರ ಮಾರಕ ಅಪಘಾತಗಳ ಕಾಯ್ದೆ ಇಂದಿಗೂ ಇದೆ. ಇನ್ನೊಬ್ಬರ ತಪ್ಪಿನಿಂದ ಸತ್ತವರ ಗಂಡ, ಹೆಂಡತಿ, ತಂದೆತಾಯಿ ಮತ್ತು ಮಕ್ಕಳ ಹಿತಕ್ಕಾಗಿ ದಾವೆ ಹೂಡಬಹುದು. ಸಾವಿನ ದಿನದಿಂದ ಎರಡು ವರ್ಷ ಕಾಲಾವಕಾಶ.

4. ಕ್ರಿಮಿನಲ್ ಪ್ರಕರಣ: ಇದು ಪರಿಹಾರಕ್ಕಿಂತ ಬೇರೆ. ಅಸುರಕ್ಷಿತ ಆಹಾರದಿಂದ ಸಾವಾದರೆ ಆಹಾರ ಸುರಕ್ಷತಾ ಕಾಯ್ದೆಯ 59ನೇ ಸೆಕ್ಷನ್ನಿನಲ್ಲಿ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗಿನ ಸಜೆ ಹಾಗೂ ಕನಿಷ್ಠ 10 ಲಕ್ಷ ದಂಡವಿದೆ. ನಿರ್ಲಕ್ಷ್ಯದಿಂದಾದ ಸಾವಿಗೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಲ್ಲಿ ಐದು ವರ್ಷದವರೆಗೆ ಸಜೆಯಾಗಬಹುದು. ಹಳೆಯ 304ಎ ಸೆಕ್ಷನ್ನಿನಲ್ಲಿ ಇದು ಎರಡು ವರ್ಷವಿತ್ತು.

ನಮ್ಮ ಕೆಲಸಗಾರ ಕೆಲಸದ ವೇಳೆ ಅಪಘಾತದಿಂದ ತೀರಿಕೊಂಡರೆ ಮಾಲೀಕನ ತಪ್ಪನ್ನು ಮನೆಯವರು ಸಾಬೀತು ಮಾಡಬೇಕಾಗಿಲ್ಲ. ಹತ್ತು ಅಥವಾ ಹೆಚ್ಚು ಮಂದಿ ಕೆಲಸದಲ್ಲಿರುವ ಹೋಟೆಲಿನಲ್ಲಿ ಇಎಸ್‌ಐ ನೋಂದಣಿ ಇದ್ದರೆ ಅವಲಂಬಿತರಿಗೆ ತಿಂಗಳ ನೆರವು ಅಲ್ಲಿಂದ ಸಿಗುತ್ತದೆ. ನೋಂದಣಿ ಮಾಡಿಸದೆ ಉಳಿದವರು ಆ ಭಾರವನ್ನು ಸ್ವಂತ ಗಲ್ಲಾದಿಂದ ಹೊರಬೇಕಾಗುತ್ತದೆ.

ಮೊತ್ತದ ಲೆಕ್ಕ ಹೇಗೆ?

“ಐದು ಲಕ್ಷ ಕೊಟ್ಟರೆ ಮುಗಿಯಿತು” ಎಂಬ ಭಾವನೆ ತಪ್ಪು. ವಾಹನ ಅಪಘಾತದ ಪರಿಹಾರಕ್ಕೆ ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ಒಂದು ಕ್ರಮ ಹಾಕಿಕೊಟ್ಟಿದೆ. ಇತರ ಸಾವಿನ ಪ್ರಕರಣಗಳಲ್ಲೂ ಅದನ್ನು ಮಾರ್ಗದರ್ಶಿಯಾಗಿ ಬಳಸುವುದುಂಟು. ಒಂದು ಉದಾಹರಣೆ ನೋಡೋಣ.

ಮೃತನ ವಯಸ್ಸು 30. ಸ್ವಂತ ದುಡಿಮೆ, ತಿಂಗಳಿಗೆ 30,000 ರೂಪಾಯಿ. ಹೆಂಡತಿ, ಒಂದು ಮಗು, ತಾಯಿ ಅವನನ್ನೇ ನಂಬಿದವರು. ವರ್ಷದ ಆದಾಯ 3,60,000. ಮುಂದಿನ ಏಳಿಗೆಗೆಂದು ಶೇಕಡಾ 40 ಸೇರಿಸಿದರೆ 5,04,000. ಅವನ ಸ್ವಂತ ಖರ್ಚಿಗೆಂದು ಮೂರನೆಯ ಒಂದು ಭಾಗ ಕಳೆದರೆ 3,36,000. ಆ ವಯಸ್ಸಿಗೆ ಗುಣಕ 17. ಗುಣಿಸಿದರೆ 57,12,000 ರೂಪಾಯಿ. ಅಂತ್ಯಕ್ರಿಯೆ ಖರ್ಚು ಮೊದಲಾದವು ಬೇರೆ. ಸಣ್ಣ ಹೋಟೆಲೊಂದರ ಇಡೀ ಬಂಡವಾಳಕ್ಕಿಂತ ಇದು ದೊಡ್ಡದು. ಆದರೆ ಈ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು: ಆ ಮನೆಗೆ ಮುಂದೆ ಬರಬೇಕಾಗಿದ್ದ, ಇನ್ನು ಬಾರದ ದುಡಿಮೆಯೂ ಅಷ್ಟೇ ದೊಡ್ಡದು.

ಸಾಬೀತು ಮತ್ತು ನಮ್ಮ ರಕ್ಷಣೆ

ಊಟ ಮಾಡಿದ ಮೇಲೆ ಒಬ್ಬರು ಸತ್ತರು ಎಂದ ಮಾತ್ರಕ್ಕೆ ಊಟದಿಂದಲೇ ಸತ್ತರು ಎಂದಾಗುವುದಿಲ್ಲ. ಮರಣೋತ್ತರ ಪರೀಕ್ಷೆ, ರಕ್ತ ಪರೀಕ್ಷೆ, ಆಹಾರದ ಸ್ಯಾಂಪಲ್, ಅದೇ ದಿನ ಉಂಡ ಇತರರ ಸ್ಥಿತಿ, ಇವೆಲ್ಲ ಸೇರಿ ನಿರ್ಣಯವಾಗುತ್ತದೆ. ಆದುದರಿಂದ ನಮ್ಮ ದಾಖಲೆಗಳು ನಮಗೂ ಸಾಕ್ಷಿ. ತಕ್ಕ ಮುನ್ನೆಚ್ಚರಿಕೆಯನ್ನೆಲ್ಲ ವಹಿಸಿದ್ದೆನೆಂದು ತೋರಿಸುವ ಅವಕಾಶವನ್ನು ಆಹಾರ ಸುರಕ್ಷತಾ ಕಾಯ್ದೆಯ 80ನೇ ಸೆಕ್ಷನ್ ಕೊಡುತ್ತದೆ. ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕಾಗದ ಬೇಕು. ಬಿಲ್ ಕೊಡದಿದ್ದರೆ ಸಿಕ್ಕಿಬೀಳುವುದಿಲ್ಲ ಎಂಬ ಉಪಾಯವೂ ನಡೆಯದು. ಗ್ರಾಹಕನ ಮೊಬೈಲಿನಲ್ಲಿ ಯುಪಿಐ ಪಾವತಿಯ ದಾಖಲೆ ಇರುತ್ತದೆ.

ಇಂದಿನಿಂದಲೇ ಮಾಡಬೇಕಾದದ್ದು

• ಲೈಸೆನ್ಸಿನ ಅವಧಿ, ಕೆಲಸಗಾರರ ಹೆಲ್ತ್ ಕಾರ್ಡ್, ನೀರಿನ ಪರೀಕ್ಷಾ ವರದಿ, ಸಾಮಾನು ಖರೀದಿಯ ಬಿಲ್ಲುಗಳನ್ನು ಒಂದೇ ಫೈಲಿನಲ್ಲಿ ಇಡಿ.
• ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಲಿ. ಫ್ರಿಜ್‌ನ ಉಷ್ಣತೆಯನ್ನು ದಿನಕ್ಕೆ ಎರಡು ಬಾರಿ ಪುಸ್ತಕದಲ್ಲಿ ಬರೆಸಿ.
• ಪಾರ್ಸೆಲ್ ಮೇಲೆ ತಯಾರಿಸಿದ ಸಮಯ ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕೆಂಬ ಚೀಟಿ ಅಂಟಿಸಿ. ಕೇರಳ ಸರ್ಕಾರ 2023ರ ಜನವರಿಯಲ್ಲಿ ಇದನ್ನು ಕಡ್ಡಾಯ ಮಾಡಿತು. ಹಸಿ ಮೊಟ್ಟೆಯ ಮೇಯನೀಸನ್ನೂ ಆಗಲೇ ನಿಷೇಧಿಸಿತು.
• ಸುರಕ್ಷತೆಗೆ ನೇಮಿಸಿದವನಿಗೆ ಬೇರೆ ಕೆಲಸ ಹಚ್ಚಬೇಡಿ. ಕೋವಳಂ ನೆನಪಿರಲಿ.
• ಸಾರ್ವಜನಿಕ ಹೊಣೆಗಾರಿಕೆ ವಿಮೆ ಮಾಡಿಸಿ. ಬೆಂಕಿ ವಿಮೆ ಗ್ರಾಹಕನ ಸಾವಿಗೆ ಬರುವುದಿಲ್ಲ. ಪಾಲಿಸಿಯಲ್ಲಿ ಆಹಾರದಿಂದಾಗುವ ಹಾನಿ ಸೇರಿದೆಯೇ, ಲಾಡ್ಜ್ ಇದ್ದರೆ ಈಜುಕೊಳ, ಲಿಫ್ಟ್ ಸೇರಿವೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಘಟನೆ ನಡೆದೇಬಿಟ್ಟರೆ

ಒಬ್ಬರು ಅಸ್ವಸ್ಥರಾದ ಸುದ್ದಿ ಬಂದ ಕೂಡಲೇ ಆ ಪದಾರ್ಥದ ಮಾರಾಟ ನಿಲ್ಲಿಸಿ. ಇತರ ಗ್ರಾಹಕರನ್ನು ಉಳಿಸುವುದು ಮೊದಲ ಕೆಲಸ. ಉಳಿದದ್ದನ್ನು ಚೆಲ್ಲಬೇಡಿ, ಪಾತ್ರೆ ತೊಳೆಸಿ ಸಾಕ್ಷಿ ಅಳಿಸಬೇಡಿ. ಮುಚ್ಚಿ ತಣ್ಣಗೆ ಇರಿಸಿ. ಸಿಸಿಟಿವಿ ಚಿತ್ರ ಕಾಪಾಡಿ. ಆಹಾರ ಸುರಕ್ಷತಾ ಅಧಿಕಾರಿ ಕಾನೂನು ಪ್ರಕಾರ ಸ್ಯಾಂಪಲನ್ನು ನಾಲ್ಕು ಭಾಗ ಮಾಡಿದಾಗ ಒಂದು ಭಾಗವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸುವಂತೆ ಕೋರುವ ಹಕ್ಕು ನಮಗಿದೆ. ಅದನ್ನು ಲಿಖಿತವಾಗಿ ಕೋರಿ. ವರದಿ ಒಪ್ಪಿಗೆಯಾಗದಿದ್ದರೆ ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಿ. ವಿಮಾ ಕಂಪನಿಗೆ ಅಂದೇ ಪತ್ರ ಬರೆಯಿರಿ. ಆಯೋಗದಿಂದ ನೋಟಿಸು ಬಂದರೆ 30 ದಿನಗಳಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ. “ನೋಡೋಣ” ಎಂದು ಡ್ರಾಯರಿನಲ್ಲಿ ಇಟ್ಟರೆ ನಮ್ಮ ಮಾತು ಕೇಳದೆಯೇ ಆದೇಶವಾಗಬಹುದು.

ಕೊನೆಯದಾಗಿ ಕಾನೂನು ಪುಸ್ತಕದಲ್ಲಿಲ್ಲದ ಒಂದು ಮಾತು. ಆಸ್ಪತ್ರೆಗೆ ಹೋಗಿ ಮನೆಯವರನ್ನು ನೋಡಿ. ಹೊಣೆಯ ವಾದವನ್ನು ವಕೀಲರಿಗೆ ಬಿಡಿ. ನೀವು ಚೌಕಾಸಿಗೆ ಇಳಿಯಬೇಡಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ಹಾಕಿಸಿಕೊಳ್ಳಲೂ ಬೇಡಿ. ಚಿಕಿತ್ಸೆಗೆ ಬೇಕಾದ ಸಹಾಯವನ್ನು ಮನುಷ್ಯರಾಗಿ ಮಾಡಿ. ಹಸಿದು ಬಂದವರು ನಮ್ಮ ಊಟವನ್ನು ಪರೀಕ್ಷಿಸಿ ಉಣ್ಣುವುದಿಲ್ಲ, ನಮ್ಮ ಬೋರ್ಡು ನೋಡಿ ನಂಬಿ ಉಣ್ಣುತ್ತಾರೆ. ಊರು ಬಿಟ್ಟು ಕೇರಳಕ್ಕೆ ಬಂದ ನಮ್ಮ ಹಿರಿಯರು ‘ಉಡುಪಿ ಹೋಟೆಲ್’ ಎಂಬ ಹೆಸರಿಗೆ ಆ ನಂಬಿಕೆಯನ್ನು ಗಳಿಸಿಕೊಟ್ಟು ಹೋಗಿದ್ದಾರೆ. ಅದನ್ನು ಉಳಿಸಿಕೊಳ್ಳುವ ಕೆಲಸ ನಾಳೆ ಬೆಳಗ್ಗೆ ಅಡುಗೆಮನೆಯ ಬಾಗಿಲು ತೆರೆಯುವಾಗಲೇ ಶುರುವಾಗಲಿ.