ಬಾಣದ ಹಿಂತುದಿಯ ಒಂದು ಸೆಂಟಿಮೀಟರ್

ಬಿಲ್ಲುಗಾರಿಕೆ ಅಭ್ಯಾಸಕ್ಕೆ ಹೋಗುವ ವಿದ್ಯಾರ್ಥಿಗಳು ಭೌತಶಾಸ್ತ್ರ ಕಲಿಸುವ ನನ್ನಲ್ಲಿ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: “ಸರ್, ಗುರಿ ಒಂದೇ ಕಡೆ ಇಡುತ್ತೇನೆ. ಬಾಣ ಮಾತ್ರ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತದೆ. ಬಿಲ್ಲು ಬದಲಿಸಬೇಕಾ?” ಹೊಸ ಬಿಲ್ಲಿಗಾಗಿ ಮನೆಯಲ್ಲಿ ಹಣ ಕೇಳುವ ಮೊದಲು ಒಂದು ಲೆಕ್ಕ ಮಾಡೋಣ.

ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ ಬಿದಿರಿನ ಬಿಲ್ಲಿನಿಂದ 30 ಮತ್ತು 50 ಮೀಟರ್ ದೂರಕ್ಕೆ ಬಾಣ ಬಿಡುತ್ತಾರೆ. ನಿಮ್ಮ ಬಾಣದ ಉದ್ದ 70 ಸೆಂ.ಮೀ. ಎಂದುಕೊಳ್ಳಿ. ಹೆದೆ ಎಳೆದಾಗ ಬಾಣದ ಹಿಂತುದಿ ಎಂದಿಗಿಂತ 1 ಸೆಂ.ಮೀ. ಕೆಳಗೆ ನಿಂತರೆ, ಬಾಣದ ಮುಖ ಮೇಲಕ್ಕೆ ತಿರುಗುತ್ತದೆ. ಸಮರೂಪ ತ್ರಿಭುಜಗಳ ನಿಯಮದಂತೆ, 30 ಮೀಟರ್ ದೂರದಲ್ಲಿ ಅದು ಸುಮಾರು 43 ಸೆಂ.ಮೀ. ವ್ಯತ್ಯಾಸವಾಗುತ್ತದೆ!

ಎಳೆತದ ಉದ್ದವೂ ಅಷ್ಟೇ ಮುಖ್ಯ. ಬಿಲ್ಲನ್ನು ಸ್ಪ್ರಿಂಗ್ ಎಂದು ಭಾವಿಸಿದರೆ, ಅದರಲ್ಲಿ ಸಂಗ್ರಹವಾಗುವ ಶಕ್ತಿ ಎಳೆತದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 50 ಸೆಂ.ಮೀ. ಎಳೆಯುವ ಬದಲು 48 ಸೆಂ.ಮೀ. ಎಳೆದರೆ ಶಕ್ತಿ ಶೇ. 8ರಷ್ಟು, ವೇಗ ಶೇ. 4ರಷ್ಟು ಕಡಿಮೆಯಾಗುತ್ತದೆ. ಸೆಕೆಂಡಿಗೆ 40 ಮೀಟರ್ ವೇಗದ ಬಾಣ 30 ಮೀಟರಿನಲ್ಲಿ ಸುಮಾರು 23 ಸೆಂ.ಮೀ. ಹೆಚ್ಚು ಕೆಳಗಿಳಿಯಲು ಇಷ್ಟೇ ಸಾಕು. (ಗಾಳಿಯ ತಡೆಯನ್ನು ಇಲ್ಲಿ ಬಿಟ್ಟಿದ್ದೇನೆ. ನೀವೇ ಲೆಕ್ಕ ಹಾಕಿ ನೋಡಿ.)

ಆದ್ದರಿಂದ ನಾನು ಹೇಳುವುದಿಷ್ಟು: ಕೈ ಪ್ರತಿ ಸಲವೂ ಒಂದೇ ಜಾಗಕ್ಕೆ ಬರಬೇಕು. ಇದನ್ನೇ ಆ್ಯಂಕರ್ ಎನ್ನುತ್ತಾರೆ. ಅಭ್ಯಾಸದ ಕ್ರಮ ಹೀಗಿರಲಿ:

1. ಪಾದಗಳು ಭುಜದಗಲಕ್ಕೆ ಇರಲಿ. ಬಿಲ್ಲನ್ನು ಗಟ್ಟಿಯಾಗಿ ಹಿಸುಕಬೇಡಿ. ಅದು ಹೆಬ್ಬೆರಳ ಬುಡಕ್ಕೆ ಒತ್ತಿ ನಿಂತರೆ ಸಾಕು.

2. ತೋಳಿನ ಬಲದಿಂದಷ್ಟೇ ಎಳೆಯಬೇಡಿ. ಮೊಣಕೈ ಹಿಂದಕ್ಕೆ ಸರಿದು ಬೆನ್ನಿನ ಸ್ನಾಯುಗಳು ಬಿಗಿಯಾಗಬೇಕು.

3. ತೋರುಬೆರಳು ತುಟಿಯ ಅಂಚಿಗೆ ತಾಗಲಿ. ಹಲ್ಲು ಕಚ್ಚಿಯೇ ಇರಲಿ. ಬಾಯಿ ತೆರೆದರೆ ಆ ಜಾಗವೂ ಬದಲಾಗುತ್ತದೆ.

4. ಹೆದೆಯನ್ನು ಕಿತ್ತು ಬಿಡಬೇಡಿ, ಬೆರಳುಗಳನ್ನು ಸಡಿಲಿಸಿ. ಬಾಣ ನಾಟುವವರೆಗೆ ಬಿಲ್ಲಿನ ಕೈ ಇಳಿಯಬಾರದು.

ಮೊದಲ ವಾರಗಳಲ್ಲಿ ಗುರಿಯ ಕಾಗದವನ್ನೇ ತೆಗೆದುಬಿಡಿ. ಮೂರು ಮೀಟರ್ ದೂರದಿಂದ ಬರಿಯ ಹುಲ್ಲಿನ ಹಲಗೆಗೆ ಬಾಣ ಬಿಡಿ. ಅಂಕದ ಆಸೆ ಇಲ್ಲದಿದ್ದಾಗ ಗಮನ ದೇಹದ ಮೇಲೆ ನಿಲ್ಲುತ್ತದೆ. ಕೈ ನಡುಗುತ್ತಿದ್ದರೆ ಬಿಲ್ಲು ನಿಮಗೆ ಭಾರವಾಗಿದೆ ಎಂದರ್ಥ. ಹಗುರ ಎಳೆತದ ಬಿಲ್ಲನ್ನೇ ಹಿಡಿಯಿರಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

2019ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿದ ಟರ್ಕಿಯ ಸಾಂಪ್ರದಾಯಿಕ ಬಿಲ್ಲುಗಾರಿಕೆಯಲ್ಲಿ ಹೆಬ್ಬೆರಳಿಗೆ ಉಂಗುರ ತೊಟ್ಟು ಹೆದೆ ಎಳೆಯುತ್ತಾರೆ. ನಮ್ಮ ಮಕ್ಕಳು ಮೂರು ಬೆರಳಿನಿಂದ ಎಳೆಯುತ್ತಾರೆ. ಹಿಡಿತ ಬೇರೆಯಾದರೂ ಮೇಲಿನ ಲೆಕ್ಕ ಇಬ್ಬರಿಗೂ ಒಂದೇ.

ಎರಡು ಎಚ್ಚರಿಕೆಗಳಿವೆ. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ಮರಳಿ ಅದನ್ನು ಸೀಳಬಹುದು. ಎಲ್ಲರೂ ಬಾಣ ಬಿಟ್ಟು ಮುಗಿಸುವವರೆಗೆ ಯಾರೂ ಗೆರೆ ದಾಟಬಾರದು.

ಒಬ್ಬ ಗೆಳೆಯನಿಗೆ ಪಕ್ಕದಿಂದ ಮೊಬೈಲಿನಲ್ಲಿ ನಿಮ್ಮ ಹತ್ತು ಎಳೆತಗಳನ್ನು ಚಿತ್ರೀಕರಿಸಲು ಹೇಳಿ. ಹತ್ತರಲ್ಲಿ ಎಷ್ಟು ಸಲ ಬೆರಳು ಅದೇ ಜಾಗದಲ್ಲಿ ನಿಂತಿತು ಎಂದು ಎಣಿಸಿ ಬರೆದಿಡಿ. ಸದ್ಯಕ್ಕೆ ನಿಮ್ಮ ನಿಜವಾದ ಅಂಕ ಅದೇ.