ಪಾಯ ತೋಡುವ ಮುನ್ನ ಒಂದು ಅಳತೆ, ಒಂದು ಅರ್ಜಿ

ಐಹೊಳೆಯಲ್ಲಿ ಗುಡಿ ಯಾವುದು, ಮನೆ ಯಾವುದು ಎಂಬ ಗೆರೆ ಬಹುಕಾಲ ಇರಲೇ ಇಲ್ಲ. ಲಾಡ್ ಖಾನ್ ಗುಡಿಗೆ ಆ ಹೆಸರು ಬಂದದ್ದೇ ಒಂದು ಕಾಲಕ್ಕೆ ಅದರೊಳಗೆ ವಾಸವಿದ್ದವನಿಂದ. ಬಾದಾಮಿ, ಲಕ್ಕುಂಡಿ, ಹಳೇಬೀಡಿನಂಥ ಊರುಗಳಲ್ಲೂ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಎಬ್ಬಿಸಲು ಹೊರಟವರು ಜೇಸಿಬಿ ಕರೆಸುವ ಮೊದಲು, ಸ್ಮಾರಕ ಎಷ್ಟು ದೂರವಿದೆ ಎಂದು ನೋಡಲು, ಅಳತೆ ಟೇಪು ಹಿಡಿಯಬೇಕು.

ಎಲ್ಲಿಂದ ಅಳೆಯಬೇಕು? ತಪ್ಪಾಗುವುದು ಇಲ್ಲೇ. ಮೇಸ್ತ್ರಿ ಗುಡಿಯ ಗೋಡೆಯಿಂದ ಹೆಜ್ಜೆ ಹಾಕಿ ‘ನೂರು ಮೀಟರ್ ದಾಟಿತು, ಚಿಂತೆಯಿಲ್ಲ’ ಅನ್ನುತ್ತಾನೆ. ಗುಡಿಯ ಸುತ್ತಲಿನ ಜಾಗವೂ ಸಂರಕ್ಷಿತವೆಂದು ಘೋಷಣೆಯಾಗಿದ್ದರೆ ಅಳತೆ ಶುರುವಾಗುವುದು ಆ ಜಾಗದ ಗಡಿಯಿಂದ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ ಅನ್ವಯಿಸುವ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, 2010ರ ತಿದ್ದುಪಡಿಯ ನಂತರ, ಮೊದಲ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಹೇಳುತ್ತದೆ.

ನಿಷೇಧಿತ ಪ್ರದೇಶದಲ್ಲಿ ಹೊಸ ಮನೆಗೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮುಂಚಿನ ಮನೆಯಿದ್ದರೆ ದುರಸ್ತಿಗೆ ಅರ್ಜಿ ಹಾಕಬಹುದು. ಆದರೆ ಕೆಡವಿ ಕಟ್ಟುವುದು ದುರಸ್ತಿಯಲ್ಲ. ‘ರಿಪೇರಿ ಅಂತ ಬರೆಸೋಣ, ಆಮೇಲೆ ನೋಡಿಕೊಳ್ಳೋಣ’ ಎನ್ನುವ ಗುತ್ತಿಗೆದಾರ ನಿಮಗೆ ಎರಡು ವರ್ಷದವರೆಗಿನ ಜೈಲು, ಇಲ್ಲವೇ ಒಂದು ಲಕ್ಷದವರೆಗಿನ ದಂಡ, ಅಥವಾ ಎರಡನ್ನೂ ತಂದಿಡಬಲ್ಲ. ಕಣ್ಣುಮುಚ್ಚಿಕೊಂಡ ಅಧಿಕಾರಿಗೂ ಶಿಕ್ಷೆಯಿದೆ, ಮೂರು ವರ್ಷದವರೆಗೆ. ಇದು ಅನೇಕರಿಗೆ ಗೊತ್ತಿಲ್ಲ.

ನಿಯಂತ್ರಿತ ಪ್ರದೇಶದಲ್ಲಿ ಕಟ್ಟಬಹುದು, ಅನುಮತಿ ಪಡೆದು. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ ಹೋಗುತ್ತದೆ. ಅದು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಶಿಫಾರಸು ಬರಲು ಎರಡು ತಿಂಗಳು. ಶಿಫಾರಸು ಬಂದ ಮೇಲೆ ಒಂದು ತಿಂಗಳೊಳಗೆ ತೀರ್ಮಾನ. ಕೊಡುವುದಿಲ್ಲ ಎಂದಾದರೆ ನಿಮ್ಮ ಮಾತು ಕೇಳಿ, ಲಿಖಿತ ಆದೇಶವನ್ನೇ ಕೊಡಬೇಕು. ‘ಆಗಲ್ಲ ಹೋಗ್ರಿ’ ಎಂಬ ಬಾಯಿಮಾತು ಆದೇಶವಲ್ಲ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಇಸಿದುಕೊಳ್ಳಿ. ತಡವಾದರೆ ಕಡತ ಯಾರ ಮೇಜಿನ ಮೇಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಇನ್ನು ಪರೀಕ್ಷಾ ಉತ್ಖನನದ ಮಾತು. ಲಂಡನ್ನಿನಲ್ಲಿ 1989ರಲ್ಲಿ ಕಟ್ಟಡವೊಂದರ ನಿವೇಶನದಲ್ಲಿ ರೋಸ್ ನಾಟಕಶಾಲೆಯ ಅವಶೇಷ ಸಿಕ್ಕಿ ದೊಡ್ಡ ಗಲಾಟೆಯಾಯಿತು. ಮರುವರ್ಷವೇ ಇಂಗ್ಲೆಂಡಿನಲ್ಲಿ ಹೊಸ ಯೋಜನಾ ನೀತಿ ಬಂತು. ಅವಶೇಷವಿರುವ ಸಾಧ್ಯತೆಯಿದ್ದರೆ ಅಲ್ಲಿ ಬಡಾವಣೆಗೆ ಒಪ್ಪಿಗೆ ಕೊಡುವ ಮುನ್ನವೇ ಅಗೆದು ನೋಡಿಸಬಹುದು, ಖರ್ಚು ಬಿಲ್ಡರನದು. ನಮ್ಮಲ್ಲಿ ಪ್ರತಿ ಮನೆಗೂ ಅಂಥ ಕಡ್ಡಾಯವಿಲ್ಲ. ನನ್ನ ಮಟ್ಟಿಗೆ ಇದು ನಮ್ಮ ಕಾನೂನಿನ ದೊಡ್ಡ ಕೊರತೆ: ಅಗೆದು ನೋಡುವ ಹೊಣೆ ಹಾರೆ ಹಿಡಿದ ಕೂಲಿಯವನ ತಲೆಗೇ ಬಿದ್ದಿದೆ.

ಹಾಗೆಂದು ಪುರಾತತ್ವ ಇಲಾಖೆಗೆ ಅಧಿಕಾರವಿಲ್ಲ ಎಂದಲ್ಲ. ಸಂರಕ್ಷಿತವಲ್ಲದ ಜಾಗದಲ್ಲೂ ಮಹತ್ವದ ಅವಶೇಷಗಳಿವೆ ಎಂದು ನಂಬಲು ಕಾರಣವಿದ್ದರೆ ಪುರಾತತ್ವ ಅಧಿಕಾರಿ ನಿಮ್ಮ ಹಿತ್ತಲಿಗೆ ಬಂದು ಅಗೆಯಬಹುದು. ಆದರೆ 1958ರ ಕಾಯ್ದೆಯ 22ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗೂ ನಿಮಗೂ ಮೊದಲೇ ಲಿಖಿತ ನೋಟಿಸು ಕೊಟ್ಟಿರಬೇಕು. ಅಗೆತದಿಂದ ಬೆಳೆ, ಬಾಡಿಗೆ, ಗೋಡೆ ಏನೇ ಹಾಳಾದರೂ 27ನೇ ಕಲಮಿನಡಿ ಕೇಂದ್ರ ಸರ್ಕಾರ ಪರಿಹಾರ ಕೊಡಬೇಕು. ಅದಕ್ಕೆ ಪುರಾವೆ ಬೇಕಲ್ಲ? ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟುವ ಹೊತ್ತಿಗೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ: ಗುಂಡಿಯಿಂದ ಗೋಡೆ ಎಷ್ಟು ದೂರ, ಗೋಡೆಯಲ್ಲಿ ಮೊದಲೇ ಬಿರುಕಿತ್ತೇ, ಮಾವಿನ ಗಿಡ ಎಲ್ಲಿತ್ತು. ಸಿಕ್ಕ ವಸ್ತುಗಳು ಅಧಿಕಾರಿಯ ವಶದಲ್ಲಿರುತ್ತವೆ. ಸರ್ಕಾರ ಅವನ್ನು ತನ್ನದಾಗಿಸಿಕೊಂಡರೆ ಅದಕ್ಕೂ ಪರಿಹಾರವುಂಟು.

ನಾವೇ ಒಂದು ಗುಂಡಿ ತೋಡಿ ನೋಡಿಬಿಡೋಣ ಅನ್ನಬೇಡಿ. ಸಂರಕ್ಷಿತವಲ್ಲದ ಜಾಗದಲ್ಲಿ ಪುರಾತತ್ವ ಶೋಧಕ್ಕಾಗಿ ಅಗೆಯಲು ರಾಜ್ಯ ಸರ್ಕಾರಕ್ಕೇ ಕೇಂದ್ರದ ಪೂರ್ವಾನುಮತಿ ಬೇಕು.

ಪಾಯ ತೋಡುವಾಗ ಆಕಸ್ಮಿಕವಾಗಿ ನಾಣ್ಯವೋ ಒಡವೆಯೋ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆ ನೋಡಬೇಕಾಗುತ್ತದೆ. ಹೇಳಿದರೆ ಮನೆ ಕೆಲಸವೇ ನಿಂತುಹೋದೀತೆಂಬ ಭಯ ಸಹಜವೇ. ಆದರೆ ಮುಚ್ಚಿಟ್ಟರೆ ಅದೇ ಅಪರಾಧ. ಅಲ್ಲಿನ ಮಣ್ಣನ್ನು ಕದಲಿಸದೆ ಕೆಲಸ ನಿಲ್ಲಿಸಿ. ತೊಳೆಯಬೇಡಿ, ಉಜ್ಜಬೇಡಿ, ಅಕ್ಕಸಾಲಿಗರ ಅಂಗಡಿಗೆ ಒಯ್ಯಬೇಡಿ. ಏನು ಸಿಕ್ಕಿತು, ಎಲ್ಲಿ, ಯಾವ ದಿನ, ಯಾರ ಕೈಗೆ, ಎಷ್ಟು ಆಳದಲ್ಲಿ ಎಂದು ಒಂದು ಹಾಳೆಯಲ್ಲಿ ಬರೆದು ಜಿಲ್ಲಾಧಿಕಾರಿಗೆ ಕೊಡಿ. ವಶಕ್ಕೆ ಪಡೆಯುವಾಗ ಪಂಚನಾಮೆಯಲ್ಲಿ ತೂಕ ಮತ್ತು ಎಣಿಕೆ ಬರೆಸಿ, ಓದಿ, ಆಮೇಲೆ ಸಹಿ ಹಾಕಿ. ಒಂದು ಪ್ರತಿ ಮನೆ ಪತ್ರದ ಜೊತೆಗೇ ಇರಲಿ.